ಮಗಳಿಗೊಂದು ಪತ್ರ: ಆ ಸ್ಕ್ರಿಪ್ಟನ್ನು ಬಚ್ಚಿಡಬೇಡ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಅದೇ ಜಗಳ ಇನ್ನೊಂದು ಸುತ್ತು ನಡೆಯುತ್ತಿತ್ತು. ನನ್ನ ದನಿ ಜೋರಾಯಿತು, ಅದಕ್ಕೆ ಬೇಜಾರಿದೆ. ಹೇಳಿದ ಮಾತಿಗೆ ಮಾತ್ರ ಬೇಜಾರಿಲ್ಲ. ಅದನ್ನೇ ನಿಧಾನಕ್ಕೆ ಬರೆಯೋಣ ಅಂತ ಕೂತಿದ್ದೇನೆ. ಬೇಕಾದಾಗ ಓದು. ಈಗಲೇ ಬೇಡ ಅನ್ನಿಸಿದರೆ ಪಕ್ಕಕ್ಕಿಡು.

ಮೀಟಿಂಗಿನಲ್ಲಿ ಏನಾಯಿತು, ಯಾರು ಏನಂದರು, ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ನೀನು ಬರೆದ ಸ್ಕ್ರಿಪ್ಟನ್ನು, ಹೊಸಬರಿಗೆ ಅಕೌಂಟ್ ತೆರೆಯುವ ಆ ಸಣ್ಣ ಪ್ರೋಗ್ರಾಮನ್ನು, ನಿನ್ನ ಹೆಸರೆತ್ತದೆ ದೊಡ್ಡವರ ಮುಂದೆ ತೋರಿಸಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ, ನಾನು ನಿನ್ನ ಕಡೆಗೇ. ನನ್ನ ನಿದ್ದೆ ಕೆಡಿಸಿದ್ದು ನೀನು ಕೊನೆಗೆ ಆಡಿದ ಮಾತು. "ಇನ್ನು ಮೇಲೆ ಅದು ನನ್ನ ಲ್ಯಾಪ್‌ಟಾಪಿನಲ್ಲೇ ಇರುತ್ತೆ. ಯಾರಿಗೂ ಹೇಳಿಕೊಡಲ್ಲ. ಬೇಕಾದವರು ನನ್ನ ಹತ್ತಿರವೇ ಬರಲಿ."

ಅದನ್ನು ಕೇಳಿದ ಕೂಡಲೇ ನನಗೆ ಸರ್ ನೆನಪಾದರು. ಅವರ ವಿಷಯ ನಿನಗೆ ಯಾವತ್ತೂ ಹೇಳಿಲ್ಲ ಅನ್ನಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೀಮಿನಲ್ಲಿ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ರಾತ್ರಿ ಬ್ಯಾಚ್ ಅವರದು. ಹಗಲಿನ ಎಂಟ್ರಿಗಳನ್ನೆಲ್ಲ ರಾತ್ರಿ ಒಟ್ಟುಮಾಡಿ, ಲೆಕ್ಕ ಹಾಕಿ, ಬೆಳಗ್ಗೆ ಆಫೀಸ್ ತೆರೆಯುವ ಹೊತ್ತಿಗೆ ರಿಪೋರ್ಟ್ ತಯಾರಿರಬೇಕು. ಹೊತ್ತಿಗೆ ಸರಿಯಾಗಿ ಕೆಲಸ ತಾನಾಗಿ ಶುರು ಮಾಡುವ ಕ್ರಾನ್‌ನಲ್ಲಿ ಸಾಲಾಗಿ ಕೂರಿಸಿದ ಶೆಲ್ ಸ್ಕ್ರಿಪ್ಟುಗಳು. ಯಾವುದು ಯಾವುದಕ್ಕೆ ಕಾಯುತ್ತದೆ, ಯಾವುದು ಅರ್ಧಕ್ಕೆ ನಿಂತರೆ ಎಲ್ಲಿಂದ ಮತ್ತೆ ಶುರು ಮಾಡಬೇಕು, ಎಲ್ಲ ಅವರ ತಲೆಯಲ್ಲಿತ್ತು. ಒಂದು ಸಾಲೂ ಎಲ್ಲೂ ಬರೆದಿರಲಿಲ್ಲ. ಕೇಳಿದರೆ "ನಾನಿದ್ದೀನಲ್ಲಮ್ಮ" ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಏನು ಕೇಳಿದರೂ ಸಿಡುಕದೆ ಮಾಡಿಕೊಡುತ್ತಿದ್ದರು. ಹೇಳಿಕೊಡುತ್ತಿರಲಿಲ್ಲ, ಅಷ್ಟೆ.

ಅವರಿಗೆ ಒಂದು ಆಪರೇಷನ್ ಆಯಿತು. ಇನ್ನೂ ಆಸ್ಪತ್ರೆಯಲ್ಲಿದ್ದರು, ಎದ್ದು ಕೂರುವ ಹಾಗಿರಲಿಲ್ಲ. ಆಗ ಒಂದು ರಾತ್ರಿ ಬ್ಯಾಚ್ ನಿಂತುಹೋಯಿತು. ಲಾಗ್‌ನಲ್ಲಿ ಇದ್ದದ್ದು ಒಂದೇ ಸಾಲು, "ಇನ್ನೊಂದು ಪ್ರತಿ ಓಡುತ್ತಿದೆ" ಅಂತ. ಪ್ರೊಸೆಸ್ ಪಟ್ಟಿ ತೆಗೆದು ನೋಡಿದರೆ ಅಂಥದ್ದು ಯಾವುದೂ ಓಡುತ್ತಿರಲಿಲ್ಲ. ಮ್ಯಾನೇಜರ್ ಒಂದು ನಂಬರ್ ಕೊಟ್ಟು "ಫೋನ್ ಮಾಡು" ಅಂದರು. ನಾನೇ ಮಾಡಿದೆ.

ಎತ್ತಿದ್ದು ಅವರ ಮಗಳು. ಅವಳೇ ಫೋನನ್ನು ಅಪ್ಪನ ಕಿವಿಗೆ ಹಿಡಿದಿದ್ದಳು. ಸರ್ ದನಿ ತುಂಬ ಸಣ್ಣಗಿತ್ತು. "ಫೋಲ್ಡರಿಗೆ ಹೋದೆಯಾ? ಅಲ್ಲಿ ಒಂದು ಲಾಕ್ ಫೈಲ್ ಇರುತ್ತೆ. ಅದನ್ನ ಅಳಿಸು." ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಹಾಕಿ ನೋಡಿದೆ. "ಕಾಣ್ತಿಲ್ಲ ಸರ್" ಅಂದೆ. ಆ ಕಡೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. "ಹೈಫನ್ ಎ ಹಾಕಿ ನೋಡಮ್ಮ. ಹೆಸರಿನ ಮೊದಲು ಡಾಟ್ ಇದೆ." ಡಾಟ್‌ನಿಂದ ಶುರುವಾಗುವ ಫೈಲನ್ನು ಬರೀ ಎಲ್‌ಎಸ್ ತೋರಿಸುವುದಿಲ್ಲ, ನಿನಗೇ ಗೊತ್ತು. ಈಗ ಕಾಣಿಸಿತು. ಓಡುತ್ತಿದ್ದೇನೆ ಅನ್ನುವ ಗುರುತಿಗೆ ಸ್ಕ್ರಿಪ್ಟ್ ಇಟ್ಟುಕೊಳ್ಳುವ ಫೈಲ್ ಅದು. ಹಿಂದಿನ ರಾತ್ರಿ ಮಷಿನ್ ಅರ್ಧಕ್ಕೆ ಆಫ್ ಆಗಿ, ಆ ಫೈಲ್ ಹಾಗೇ ಉಳಿದುಬಿಟ್ಟಿತ್ತು. ಅಳಿಸಿದೆ. "ಮೊದಲಿಂದ ಶುರು ಮಾಡ್ಲಾ ಸರ್?" ಅಂದೆ. "ಬೇಡ ಬೇಡ" ಅಂದರು, ಗಾಬರಿಯಾಗಿ. "ಮೂರನೇದರಿಂದ ಮಾಡು. ಮೊದಲನೇದು ಇನ್ನೊಂದು ಸಲ ಓಡಿದರೆ ಎಲ್ಲ ಎಂಟ್ರಿನೂ ಎರಡೆರಡು ಬೀಳುತ್ತೆ."

ಅಷ್ಟರಲ್ಲಿ ಮಗಳು ಫೋನ್ ತೆಗೆದುಕೊಂಡಳು. "ಅಪ್ಪನಿಗೆ ಸುಸ್ತಾಗಿದೆ, ಸಾಕು ಮಾಡ್ತೀರಾ?" ಒಂದೇ ನಿಮಿಷ ಅಂದೆ. ಇನ್ನೂ ಒಂದು ಪ್ರಶ್ನೆ ಉಳಿದಿತ್ತು, ಕೇಳಲೇಬೇಕಿತ್ತು. ಸರ್ ಉತ್ತರ ಹೇಳಿದರು. ಬೆಳಗ್ಗೆ ರಿಪೋರ್ಟ್ ಹೋಯಿತು. ಎಲ್ಲರೂ ಸರ್ ಇದ್ದದ್ದಕ್ಕೆ ಆಯಿತು ಅಂದರು.

ನನ್ನ ಕಿವಿಯಲ್ಲಿ ಉಳಿದದ್ದು ಆ ಹುಡುಗಿಯ ದನಿ. ಆಗ ಅವಳಿಗೆ ಹೆಚ್ಚುಕಡಿಮೆ ಈಗಿನ ನಿನ್ನ ವಯಸ್ಸು.

ನೀನು ಇಲ್ಲಿಗೆ ಬಂದಾಗ "ಕಾಲ ಬದಲಾಗಿದೆ ಅಮ್ಮ" ಅನ್ನುತ್ತೀಯ. ಬದಲಾಗಿದೆ, ಒಪ್ಪಿದೆ. ಶೆಲ್ ಸ್ಕ್ರಿಪ್ಟ್ ಹೋಗಿ ಪೈಥಾನ್ ಬಂತು, ಪಪೆಟ್ ಬಂತು, ಆನ್ಸಿಬಲ್ ಬಂತು, ಟೆರಾಫಾರ್ಮ್ ಬಂತು. ಒಂದು ಮಷಿನ್ ಇದ್ದ ಕಡೆ ಸಾವಿರ ಮಷಿನ್ ಬಂದವು. ಆದರೆ ಒಬ್ಬರಿಗೇ ಗೊತ್ತಿರುವ ವಿಷಯ ಅನ್ನುವುದು ಮಾತ್ರ ಎಲ್ಲೂ ಹೋಗಿಲ್ಲ. ಆ ಒಬ್ಬರಿಗೆ ಜ್ವರ ಬಂದರೆ, ಆ ಒಬ್ಬರು ವಿಮಾನದಲ್ಲಿದ್ದರೆ, ಕೆಲಸ ಬಿಟ್ಟರೆ ಏನು ಅಂತ ಇವತ್ತಿಗೂ ಎಲ್ಲ ಟೀಮಿನಲ್ಲೂ ಯಾರಾದರೂ ಒಬ್ಬರು ಒಳಗೊಳಗೇ ಚಿಂತೆ ಮಾಡುತ್ತಿರುತ್ತಾರೆ. ಆ ಒಬ್ಬರು ನೀನಾಗಬೇಕು ಅಂತ ನಿನ್ನೆ ನೀನಾಗಿಯೇ ತೀರ್ಮಾನ ಮಾಡಿದ ಹಾಗಿತ್ತು. ನನಗೆ ಭಯವಾದದ್ದು ಅದಕ್ಕೆ.

ನಿನ್ನ ಸ್ಕ್ರಿಪ್ಟಿನ ವಿಷಯಕ್ಕೆ ಬರುತ್ತೇನೆ. ರಜೆಗೆ ಬಂದಾಗ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದೆಯಲ್ಲ, ಆಗ ನಾನು ಜಾಸ್ತಿ ಏನೂ ಹೇಳಲಿಲ್ಲ. ಚೆನ್ನಾಗಿದೆ ಅಂದೆ, ಅಷ್ಟೇ. ಈಗ ಹೇಳುತ್ತೇನೆ. ಹೊಸಬರು ಸೇರಿದಾಗ ಅಕೌಂಟ್ ತೆರೆಯುವುದು, ಗುಂಪುಗಳಿಗೆ ಸೇರಿಸುವುದು, ಪರ್ಮಿಶನ್ ಕೊಡುವುದು, ಮೇಲ್‌ಬಾಕ್ಸ್ ಮಾಡುವುದು. ಒಬ್ಬರು ಕೈಯಲ್ಲಿ ಮಾಡಿದರೆ ಅರ್ಧ ದಿನ ಹೋಗುವ ಕೆಲಸ. ಅದನ್ನು ಸ್ಕ್ರಿಪ್ಟ್ ಮಾಡುವುದು ಹಲವರಿಗೆ ಗೊತ್ತು. ನಾನು ನೋಡಿದ್ದು ಬೇರೆ. ಅಕೌಂಟ್ ಆಗಲೇ ಇದೆಯಾ ಅಂತ ನೀನು ಮೊದಲು ನೋಡುತ್ತೀಯ. ಇದ್ದರೆ ಮುಟ್ಟುವುದಿಲ್ಲ. ಗುಂಪಿನಲ್ಲಿ ಹೆಸರಿದ್ದರೆ ಮತ್ತೆ ಸೇರಿಸುವುದಿಲ್ಲ. ಅರ್ಧಕ್ಕೆ ನಿಂತರೆ ಕಣ್ಣುಮುಚ್ಚಿ ಮೊದಲಿಂದ ಓಡಿಸಬಹುದು, ಯಾವುದೂ ಎರಡೆರಡು ಆಗುವುದಿಲ್ಲ. ಒಂದು ಸಲ ಓಡಿಸಿದರೂ ಹತ್ತು ಸಲ ಓಡಿಸಿದರೂ ಫಲ ಒಂದೇ. ಸರ್ ಅವತ್ತು ಗಾಬರಿಯಾಗಿ "ಬೇಡ ಬೇಡ" ಅಂದರಲ್ಲ, ನಿನ್ನ ಸ್ಕ್ರಿಪ್ಟ್ ಓಡಿಸುವವರಿಗೆ ಆ ಗಾಬರಿಯೇ ಇಲ್ಲ. ಇದನ್ನು ಯಾರೂ ಹೇಳಿಕೊಡದೆ ನೀನೇ ಯೋಚಿಸಿ ಮಾಡಿದ್ದೆ. ಅದನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಅವತ್ತೇ ಬಾಯಿಬಿಟ್ಟು ಹೇಳಬೇಕಿತ್ತು.

ಅದರಲ್ಲಿ ಇನ್ನೊಂದು ಸಾಲು ಇತ್ತು. ಗುತ್ತಿಗೆಯ ಮೇಲೆ ಬಂದವರಿಗೆ ಅಕೌಂಟ್ ಮುಗಿಯುವ ತಾರೀಖು ಹಾಕಬೇಕು, ಆದರೆ ಒಂದು ವಿಭಾಗದವರಿಗೆ ಮಾತ್ರ ಒಂದು ವಾರ ಜಾಸ್ತಿ ಕೊಡಬೇಕು ಅಂತ. ಇದು ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಆ ಕೆಲಸ ಮೊದಲು ಕೈಯಲ್ಲಿ ಮಾಡ್ತಿದ್ದವರು ಹೇಳಿದ್ರು" ಅಂದೆ ನೀನು. ಪುಟ್ಟಿ, ನಿನ್ನ ಸ್ಕ್ರಿಪ್ಟಿನ ಜೀವ ಅಂಥ ಸಾಲುಗಳಲ್ಲಿದೆ. ಅವು ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ. ವರ್ಷಗಟ್ಟಲೆ ಕೈಯಲ್ಲಿ ಮಾಡಿ, ಬೈಸಿಕೊಂಡು ಕಲಿತವರು ಅದನ್ನು ನಿನಗೆ ಸುಮ್ನೆ ಕೊಟ್ಟರು. ಅವರೂ "ಯಾಕೆ ಹೇಳಿಕೊಡಲಿ?" ಅಂದಿದ್ದರೆ? ನಿನ್ನ ಹೆಸರು ಬಿಟ್ಟರು ಅಂತ ನಿನಗೆ ಸಂಕಟವಾಯಿತಲ್ಲ, ಅವರ ಹೆಸರನ್ನು ನೀನು ಎಲ್ಲಾದರೂ ಹಾಕಿದ್ದೀಯಾ? ಚುಚ್ಚಬೇಕು ಅಂತ ಕೇಳುತ್ತಿಲ್ಲ. ಇನ್ನೂ ಹಾಕಿಲ್ಲದಿದ್ದರೆ ಹಾಕು.

ಅವರ ಕೆಲಸ ಹೋಗುತ್ತದೆ ಅಂತ ನಿನಗೆ ಒಳಗೆ ಒಂದು ಅಳುಕಿದೆ, ನನಗೆ ಗೊತ್ತು. ಅದಕ್ಕೇ ಅವರ ಮುಖ ನೋಡಲು ಹಿಂಜರಿಯುತ್ತೀಯ. ಹೋಗುವುದೇ ಇಲ್ಲ ಅಂತ ನಾನು ಹೇಳಲಾರೆ. ಕೆಲವು ಕಡೆ ಹೋಗುತ್ತದೆ. ಆದರೆ ಅವರನ್ನು ಉಳಿಸುವ ದಾರಿ ಸ್ಕ್ರಿಪ್ಟ್ ಬಚ್ಚಿಡುವುದಲ್ಲ. ಅದನ್ನು ಓಡಿಸಲು, ತಿದ್ದಲು, ತಪ್ಪಿದ್ದು ಗುರುತಿಸಲು ಅವರಿಗೆ ಕಲಿಸಬೇಕು. ಯಂತ್ರಕ್ಕೆ ಕೆಲಸ ವಹಿಸಿದರೆ ಸುಲಭದ್ದೆಲ್ಲ ಅದು ಮಾಡುತ್ತದೆ, ಕಷ್ಟದ್ದು ಮನುಷ್ಯರಿಗೇ ಉಳಿಯುತ್ತದೆ, ಆದರೆ ದಿನಾ ಕೈಯಾಡಿಸದೆ ಅವರ ಕೈ ಆಗಲೇ ಮೊಂಡಾಗಿರುತ್ತದೆ ಅಂತ ಲಿಸಾನ್ ಬೈನ್‌ಬ್ರಿಡ್ಜ್ ಅನ್ನುವ ಮನಶ್ಶಾಸ್ತ್ರಜ್ಞೆ 1983ರಲ್ಲೇ ಬರೆದರು. ನಿನ್ನ ಸ್ಕ್ರಿಪ್ಟ್ ಕೈಕೊಟ್ಟ ದಿನ ಆ ಕೆಲಸವನ್ನು ಕೈಯಲ್ಲಿ ಮಾಡಬಲ್ಲವರು ಒಬ್ಬರಾದರೂ ಬೇಕು. ಅವರೇ ಅದು.

ಎಐ ಬಂದಿದೆ, ಇನ್ನು ಸ್ಕ್ರಿಪ್ಟ್ ಬರೆಯುವವರಿಗೂ ಬೆಲೆ ಇಲ್ಲ, ಅದಕ್ಕೇ ಇರುವುದನ್ನು ಹಿಡಿದಿಟ್ಟುಕೊಳ್ಳಬೇಕು ಅಂದೆ ನೀನು. ಈ ಮಾತು ನನಗೆ ತಿರುಗಾಮುರುಗಾ ಅನ್ನಿಸುತ್ತದೆ. ಕೋಡ್ ಸುಲಭಕ್ಕೆ ಸಿಗುವ ಕಾಲದಲ್ಲಿ ಬರೀ ಕೋಡ್ ಬಚ್ಚಿಟ್ಟು ಏನು ಉಳಿಯುತ್ತದೆ? ಆ ಒಂದು ವಾರ ಜಾಸ್ತಿ ಯಾಕೆ ಅಂತ ಗೊತ್ತಿರುವವಳು, ಅದನ್ನು ಹತ್ತು ಜನಕ್ಕೆ ತಿಳಿಯುವ ಹಾಗೆ ಹೇಳಬಲ್ಲವಳು, ಅವಳಿಗೆ ಬೆಲೆ ಇರುತ್ತದೆ.

ಮತ್ತೆ ಸರ್ ವಿಷಯಕ್ಕೇ ಬರುತ್ತಿದ್ದೇನೆ. ಅವರು ಹುಷಾರಾಗಿ ಕೆಲಸಕ್ಕೆ ಮರಳಿದರು. ಸ್ವಲ್ಪ ಸಮಯಕ್ಕೆ ಹೊಸ ಸಿಸ್ಟಮ್ ತರುವ ಯೋಜನೆ ಶುರುವಾಯಿತು. ಟ್ರೈನಿಂಗಿಗೆ ಯಾರನ್ನು ಕಳಿಸಬೇಕು ಅಂತ ಚರ್ಚೆ. ನಮ್ಮೆಲ್ಲರಿಗಿಂತ ಬುದ್ಧಿವಂತರು ಅವರು. ಆದರೆ ಮ್ಯಾನೇಜರ್ "ಅವರನ್ನ ಇಲ್ಲಿಂದ ಬಿಡೋಕ್ಕಾಗಲ್ಲ, ಬ್ಯಾಚ್ ಯಾರು ನೋಡ್ತಾರೆ?" ಅಂದರು. ಸರ್ ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡರು. ಅವರ ಮುಖ ನಾನು ನೋಡಿದ್ದೇನೆ. ನಿಜಕ್ಕೂ ಖುಷಿಪಟ್ಟರು. ಟ್ರೈನಿಂಗಿಗೆ ನನ್ನಂಥ ಹೊಸಬರು ಹೋದೆವು. ಹಳೆಯ ಮಷಿನ್ ಆಫ್ ಆದ ಮೇಲೆ ಅವರ ತಲೆಯಲ್ಲಿದ್ದದ್ದು ಯಾವುದಕ್ಕೂ ಬೇಡವಾಯಿತು. ಬೇರೆ ವಿಭಾಗಕ್ಕೆ ಹಾಕಿದರು. ನಮಗಿಂತ ಕಿರಿಯರ ಕೈಕೆಳಗೆ.

ಆ ಬ್ಯಾಚ್ ಅವರನ್ನು ಎಷ್ಟು ವರ್ಷ ರಜೆ ತೆಗೆದುಕೊಳ್ಳಲು ಬಿಡಲಿಲ್ಲವೋ! ಫೋನ್ ಇಲ್ಲದೆ ಎಲ್ಲೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೂ ಫೋನ್ ಪಕ್ಕದಲ್ಲಿ. ಅದನ್ನೆಲ್ಲ ಕೆಲಸದ ಮೇಲಿನ ಪ್ರೀತಿ ಅಂದುಕೊಂಡಿದ್ದರು. ಪ್ರೀತಿಯೂ ಇತ್ತು. ಆದರೆ ಮಗಳು ಆಸ್ಪತ್ರೆಯಲ್ಲಿ ಅಪ್ಪನ ಕಿವಿಗೆ ಫೋನ್ ಹಿಡಿಯಬೇಕಾಗಿ ಬಂತಲ್ಲ. ನಿನಗೂ ಹಾಗೆ ಯಾರೋ ಫೋನ್ ಹಿಡಿದಿರುವುದು, ನೀನು ಡಾಟ್, ಸ್ಲ್ಯಾಶ್ ಅಂತ ಹೇಳುತ್ತಿರುವುದು ನಿನ್ನೆ ರಾತ್ರಿಯಿಡೀ ಕಣ್ಣಮುಂದೆ ಬರುತ್ತಿತ್ತು. ಅತಿ ಆಯಿತು ಅನ್ನಿಸಬಹುದು. ತಾಯಿಗೆ ಹಾಗೇ ಬರುತ್ತದೆ.

ಅವತ್ತು ಬೆಳಗ್ಗೆ ನಾನು ಒಂದು ಕೆಲಸ ಮಾಡಿದ್ದೆ. ಸರ್ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮರೆಯುವ ಮೊದಲು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ ಅದೇ ಫೋಲ್ಡರಿನಲ್ಲಿಟ್ಟೆ. ಲಾಗ್‌ನಲ್ಲಿ ಈ ಸಾಲು ಬಂದರೆ ಇದು ಕಾರಣ, ಈ ಫೈಲ್ ಅಳಿಸು, ಇಲ್ಲಿಂದ ಶುರು ಮಾಡು, ಮೊದಲಿಂದ ಮಾಡಬೇಡ, ಯಾಕೆಂದರೆ ಹೀಗೆ. ಹೆಸರಿನ ಮೊದಲು ಡಾಟ್ ಹಾಕಲಿಲ್ಲ, ಎಲ್ಲರಿಗೂ ಕಾಣಲಿ ಅಂತ. ನಾನು ಆ ಟೀಮ್ ಬಿಟ್ಟ ಎಷ್ಟೋ ಕಾಲದ ಮೇಲೆ ಅಲ್ಲಿಯವರೊಬ್ಬರು ಸಿಕ್ಕಿ, ರಾತ್ರಿ ಪಾಳಿಯಲ್ಲಿ ಆ ಫೈಲ್ ನಮ್ಮನ್ನ ಕಾಪಾಡಿತು ಅಂದರು. ಅದರ ಕೆಳಗೆ ಬೇರೆಯವರು ಇನ್ನೂ ಎಷ್ಟೋ ಸಾಲು ಸೇರಿಸಿದ್ದರಂತೆ. ಆಮೇಲೆ ನಾನು ಹತ್ತಿದ ಮೆಟ್ಟಿಲುಗಳೆಲ್ಲ ಅಂಥ ಫೈಲುಗಳಿಂದಲೇ ಬಂದವು. "ಅವಳಿಗೆ ಕೊಟ್ಟರೆ ಕೆಲಸ ಮುಗಿಸಿ, ಹೇಗೆ ಮಾಡಿದೆ ಅಂತ ಬರೆದಿಟ್ಟೇ ಬೇರೆ ಕಡೆ ಹೋಗ್ತಾಳೆ" ಅನ್ನುವ ಮಾತು ಹರಡಿತು. ಹೊಸದೇನಾದರೂ ಬಂದರೆ ನನ್ನನ್ನು ಕರೆಯುತ್ತಿದ್ದರು. ಯಾಕೆ ಅಂದರೆ ಹಳೆಯ ಕಡೆಯಿಂದ ನನ್ನನ್ನು ಬಿಡಬಹುದಿತ್ತು.

ನಿನ್ನ ಸಿಟ್ಟಿನ ಬಗ್ಗೆ ಇನ್ನೊಂದು ಹೇಳಬೇಕು. ಕಮಾಂಡ್ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸಲು ನೀನು ದಿನಾ ಬಳಸುವ ಪವರ್‌ಶೆಲ್ ಕಥೆ ಗೊತ್ತಾ? ಜೆಫ್ರಿ ಸ್ನೋವರ್ ಅನ್ನುವವರು ಮೈಕ್ರೋಸಾಫ್ಟ್‌ನಲ್ಲಿ ಅದರ ಕನಸು ಕಂಡಾಗ ಮೇಲಿನವರಿಗೆ ಅದು ಬೇಕಾಗಿರಲಿಲ್ಲ. ಎಲ್ಲವೂ ಮೌಸ್‌ನಲ್ಲಿ ಒತ್ತುವ ಕಾಲ, ಕಮಾಂಡ್ ಲೈನ್ ಯಾರಿಗೆ ಬೇಕು ಅನ್ನುವ ಮನಸ್ಸು. ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ತನ್ನ ಹುದ್ದೆ ಇಳಿಸಿದರು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ತಮ್ಮ ಯೋಚನೆಯನ್ನು ಒಳಗಿಟ್ಟುಕೊಂಡು ಕೂರಲಿಲ್ಲ. 2002ರಲ್ಲಿ ಎಲ್ಲವನ್ನೂ ವಿವರವಾಗಿ ಬರೆದು ಹಂಚಿದರು. 2006ರಲ್ಲಿ ಮೊದಲ ಆವೃತ್ತಿ ಬಂತು. 2016ರಲ್ಲಿ ಅದರ ಸೋರ್ಸ್ ಕೋಡನ್ನೇ ತೆರೆದಿಟ್ಟರು, ಲಿನಕ್ಸ್‌ನಲ್ಲೂ ಓಡತೊಡಗಿತು. ಇವತ್ತು ಪವರ್‌ಶೆಲ್ ಅಂದರೆ ಯಾರ ಹೆಸರು ಬರುತ್ತದೆ? ಅವರ ಹುದ್ದೆ ಇಳಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ.

ನಿನಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಆದರೆ ಹೆಸರು ಬೇಕಾದರೆ ಬಚ್ಚಿಟ್ಟರೆ ಸಿಗುವುದಿಲ್ಲ. ಬಚ್ಚಿಟ್ಟದ್ದನ್ನು ಯಾರು ನೋಡುತ್ತಾರೆ? ಎಲ್ಲರ ಕೋಡೂ ಒಟ್ಟಿಗೆ ಇರುವ ಟೀಮಿನ ಗಿಟ್ ರೆಪೊಸಿಟರಿಗೆ ಹಾಕು. ಪ್ರತಿ ಬದಲಾವಣೆಯ ಜೊತೆ ಯಾರು, ಯಾವಾಗ ಮಾಡಿದರು ಅಂತ ಅದರಲ್ಲೇ ಉಳಿಯುತ್ತದೆ. ಇನ್ನೊಬ್ಬರು ತಮ್ಮದು ಅಂದರೂ ಅಲ್ಲಿ ಸಾಲು ಸಾಲಿಗೂ ನಿನ್ನ ಹೆಸರು ಇರುತ್ತದೆ. ಮ್ಯಾನೇಜರ್ ಹತ್ತಿರ ಹೋಗಿ, ಸಿಟ್ಟು ಇಳಿದ ಮೇಲೆ ಹೋಗಿ, "ಇದು ನಾನು ಮಾಡಿದ್ದು, ಮುಂದಿನ ಸಲ ನಾನೇ ತೋರಿಸ್ತೀನಿ" ಅಂತ ನೇರವಾಗಿ ಹೇಳು. ಹೆಸರು ಕೇಳುವುದು ದುರಾಸೆಯಲ್ಲ. ನಮ್ಮ ಕಾಲದ ಹೆಂಗಸರು ಕೇಳದೇ ಕೂತು ಎಷ್ಟೋ ಕಳೆದುಕೊಂಡರು. ನೀನು ಕೇಳು. ಆಮೇಲೆ ಇಡೀ ಟೀಮನ್ನು ಕೂರಿಸಿಕೊಂಡು ಒಂದು ಗಂಟೆ ಅದನ್ನು ವಿವರಿಸು. ಒಬ್ಬರು ಕದ್ದು ತೋರಿಸಿದ್ದನ್ನು ಹತ್ತು ಜನ ನಿನ್ನ ಬಾಯಿಂದಲೇ ಕೇಳಿ ಕಲಿತರೆ, ಅದು ಯಾರದ್ದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳುವ ವಿಷಯ. ಅದು ಕಂಪನಿಯ ಕೆಲಸದ ಹೊತ್ತಿನಲ್ಲಿ ಕಂಪನಿಗಾಗಿ ಬರೆದದ್ದು. ಸಾಮಾನ್ಯವಾಗಿ ಅಂಥದ್ದು ಕಂಪನಿಗೇ ಸೇರುತ್ತದೆ, ನೀನು ಸಹಿ ಹಾಕಿದ ಪತ್ರದಲ್ಲೂ ಇರುತ್ತದೆ, ತೆಗೆದು ಓದು. ಅದಕ್ಕಿಂತ ನನಗೆ ದೊಡ್ಡ ಚಿಂತೆ ಇನ್ನೊಂದಿದೆ. ಅಕೌಂಟ್ ತೆರೆಯುವ ಸ್ಕ್ರಿಪ್ಟ್ ಅಂದರೆ ಅದಕ್ಕೆ ದೊಡ್ಡ ಅಧಿಕಾರದ ಟೋಕನ್, ಅಂದರೆ ಪಾಸ್‌ವರ್ಡಿನಂಥ ಗುಟ್ಟಿನ ಕೀಲಿ, ಬೇಕು. ಅದನ್ನು ಎಲ್ಲಿಟ್ಟಿದ್ದೀಯ? ಕೋಡಿನ ಒಳಗೇ ಬರೆದಿದ್ದೀಯಾ? ಲ್ಯಾಪ್‌ಟಾಪ್ ಕಳೆದುಹೋದರೆ? ನೀನು ರಜೆಯಲ್ಲಿದ್ದಾಗ ಅದರ ಅವಧಿ ಮುಗಿದರೆ? ಸ್ಕ್ರಿಪ್ಟ್ ಓಡಲೇ ಇಲ್ಲ ಅಂತ ಯಾರಿಗೆ ಗೊತ್ತಾಗುತ್ತದೆ?

ಈ ಕೊನೆಯ ಪ್ರಶ್ನೆ ಸಣ್ಣದು ಅಂದುಕೊಳ್ಳಬೇಡ. ಬೇರೆಯವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಆದದ್ದು ನೋಡು. ರಾತ್ರಿ ಹೊತ್ತು ದಣಿದಿದ್ದ ಎಂಜಿನಿಯರ್ ಒಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಇನ್ನೊಂದರಲ್ಲಿ, ಅಂದರೆ ಅಸಲಿ ಡೇಟಾಬೇಸ್ ಇದ್ದ ಸರ್ವರಿನಲ್ಲಿ ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿಯಿತು. ಸರಿ, ಬ್ಯಾಕಪ್ ಇದೆಯಲ್ಲ ಅಂತ ಹೋದರೆ, ತಾನಾಗಿ ಓಡಬೇಕಿದ್ದ ಬ್ಯಾಕಪ್ ಸರಿಯಾಗಿ ಓಡೇ ಇರಲಿಲ್ಲ. ಡೇಟಾಬೇಸ್ ಆವೃತ್ತಿ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ 9.2, ಎರಡಕ್ಕೂ ಹೊಂದಿಕೆಯಾಗದೆ ಪ್ರತಿ ಸಲ ಬಿದ್ದುಹೋಗುತ್ತಿತ್ತು. ಬಿದ್ದಾಗ ಇಮೇಲ್ ಹೋಗುವ ಹಾಗೆ ಮಾಡಿದ್ದರು. ಆ ಇಮೇಲುಗಳಿಗೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಅವನ್ನು ವಾಪಸ್ ತಳ್ಳುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಕಾಪಾಡಿದ್ದು ಸುಮಾರು ಆರು ಗಂಟೆ ಹಿಂದೆ ಬೇರೆ ಯಾವುದೋ ಕೆಲಸಕ್ಕೆ ಅಂತ ಕೈಯಲ್ಲಿ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ಪ್ರತಿ.

ನನಗೆ ಇದರಲ್ಲಿ ಇಷ್ಟವಾಗುವುದು ಆಮೇಲೆ ನಡೆದದ್ದು. ಅವರು ಮುಚ್ಚಿಡಲಿಲ್ಲ. ಏನಾಯಿತು, ಏನು ಮಾಡುತ್ತಿದ್ದೇವೆ ಅನ್ನುವ ಟಿಪ್ಪಣಿಯನ್ನು ಯಾರು ಬೇಕಾದರೂ ಓದುವ ಹಾಗೆ ತೆರೆದಿಟ್ಟರು. ಸರಿಪಡಿಸುವ ಕೆಲಸವನ್ನೇ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆಮೇಲಿನ ವರದಿಯಲ್ಲಿ ಆ ಎಂಜಿನಿಯರ್ ಹೆಸರು ಹಾಕಲಿಲ್ಲ, ತಪ್ಪನ್ನು ಒಬ್ಬರ ತಲೆಗೆ ಕಟ್ಟಲಿಲ್ಲ. ಅದನ್ನು ಓದಿದ ಮೇಲೆ ನಾನು ನಮ್ಮ ಬ್ಯಾಕಪ್‌ಗಳನ್ನು ನಿಜವಾಗಿ ವಾಪಸ್ ತಂದು ನೋಡುವ ಅಭ್ಯಾಸ ಶುರು ಮಾಡಿದೆ. ಅವರು ಬಚ್ಚಿಟ್ಟಿದ್ದರೆ ನನಗೆ ಎಲ್ಲಿ ಗೊತ್ತಾಗುತ್ತಿತ್ತು?

ಎರಡನೆಯವರ ಕಣ್ಣು ಬೀಳದ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಅಮೆರಿಕದ ಷೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್ ಕಥೆ ಇದೆ. 2012ರ ಆಗಸ್ಟ್ 1. ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಬೇಕಿತ್ತು, ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಆ ಒಂದರಲ್ಲಿ ಹಳೆಯ ಕೋಡ್ ಎದ್ದು ಕೂತು ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ತನಿಖೆ ಮಾಡಿದವರು ಬರೆದರು, ಹಾಕಿದ್ದನ್ನು ಇನ್ನೊಬ್ಬರು ನೋಡಿರಲಿಲ್ಲ, ನೋಡಬೇಕು ಅಂತ ಬರೆದಿಟ್ಟ ಪದ್ಧತಿಯೂ ಇರಲಿಲ್ಲ. ನಿನ್ನ ಸ್ಕ್ರಿಪ್ಟಿನಿಂದ ಅಷ್ಟು ದೊಡ್ಡದೇನೂ ಆಗುವುದಿಲ್ಲ. ಆದರೂ ಒಂದು ತಪ್ಪು ಗುಂಪಿಗೆ ನೂರು ಜನರನ್ನು ಸೇರಿಸಲು ಅದಕ್ಕೆ ನಿಮಿಷ ಸಾಕು. ಕೈಯಲ್ಲಿ ಮಾಡುವವರು ಎರಡನೆಯ ಹೆಸರಿಗೇ ಅನುಮಾನ ಪಟ್ಟು ನಿಲ್ಲಿಸುತ್ತಿದ್ದರು. ಅದಕ್ಕೇ ಬೇರೆಯವರು ನಿನ್ನ ಕೋಡ್ ಓದಲಿ. ಓದಿ ತಪ್ಪು ಹಿಡಿಯಲಿ. ಹಿಡಿದಾಗ ಮುಖ ಊದಿಸಿಕೊಳ್ಳಬೇಡ, ನಿನಗೆ ಆ ಅಭ್ಯಾಸ ಸ್ವಲ್ಪ ಇದೆ.

ಇಷ್ಟು ಉದ್ದ ಬರೆಯಬೇಕು ಅಂದುಕೊಂಡಿರಲಿಲ್ಲ. ನೀನು ಕೇಳಿದ್ದು ಬರೀ "ನನಗೆ ಇದರಿಂದ ಏನು ಸಿಗುತ್ತೆ?" ಅಂತ. ನಾನು ಕೆಲಸದಲ್ಲಿ ಬದುಕಿದ್ದೇ ಬೇರೆಯವರು ಬರೆದಿಟ್ಟದ್ದರಿಂದ. 1971ರಲ್ಲಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಮ್ಯಾನ್ಯುಯಲ್ ಬರೆದವರು ಕಮಾಂಡುಗಳ ವಿವರಣೆಯ ಕೆಳಗೆ ಬಗ್ಸ್ ಅಂತ ಒಂದು ಭಾಗ ಇಟ್ಟು, ಇದರಲ್ಲಿ ಇಂಥ ದೋಷ ಇದೆ ಅಂತ ತಾವೇ ಹೇಳಿದರು. 1969ರಲ್ಲಿ ಸ್ಟೀವ್ ಕ್ರಾಕರ್ ಅನ್ನುವ ವಿದ್ಯಾರ್ಥಿ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವುದು ಹೇಗೆ ಅಂತ ಮೊದಲ ಆರ್‌ಎಫ್‌ಸಿ, ಅಂದರೆ ನಿಮ್ಮ ಅಭಿಪ್ರಾಯ ಹೇಳಿ ಅಂತ ಕೇಳುವ ಟಿಪ್ಪಣಿ, ಬರೆದು ಎಲ್ಲರಿಗೂ ಕಳಿಸಿದ. ಆ ಸಾಲಿನಲ್ಲಿ ಈಗ 9000ಕ್ಕೂ ಹೆಚ್ಚು ಇವೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ನೀನು ಕಾಲೇಜಿನಲ್ಲಿ ಕಲಿತ ನೆಟ್‌ವರ್ಕಿಂಗ್ ಬಹುಪಾಲು ಅಲ್ಲಿಂದ ಬಂದದ್ದೇ. ಇಷ್ಟೆಲ್ಲ ಸುಮ್ನೆ ಸಿಕ್ಕಿದೆ ನಮಗೆ. ಒಂದು ಮೀಟಿಂಗಿನಲ್ಲಿ ಒಬ್ಬರು ಸಣ್ಣತನ ತೋರಿಸಿದರು ಅಂತ ಆ ಸರಪಳಿ ನಿನ್ನ ಹತ್ತಿರ ತುಂಡಾಗಬೇಕಾ?

ಆ ಕಂಪನಿಯಲ್ಲೇ ಇರು ಅಂತ ನಾನು ಹೇಳುತ್ತಿಲ್ಲ. ಮಾತಾಡಿ ನೋಡಿದ ಮೇಲೂ ಹಾಗೇ ಮಾಡಿದರೆ ಬಿಟ್ಟು ಬೇರೆ ಕಡೆ ನೋಡು. ಗೂಗಲ್‌ನಂಥ ಕಡೆ ಸರ್ವರ್ ನೋಡಿಕೊಳ್ಳುವ ಎಸ್‌ಆರ್‌ಇ ಟೀಮಿನವರು ಮತ್ತೆ ಮತ್ತೆ ಬರುವ ಕೈಕೆಲಸಕ್ಕೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಕೊಡಬಾರದು, ಉಳಿದದ್ದು ಅದನ್ನು ಕಡಿಮೆ ಮಾಡುವ ಎಂಜಿನಿಯರಿಂಗಿಗೆ ಅಂತಲೇ ಗುರಿ ಇಟ್ಟುಕೊಂಡಿದ್ದಾರೆ. ಅಂಥ ಕೆಲಸಕ್ಕೆ ಬೆಲೆ ಕೊಡುವವರಿದ್ದಾರೆ. ಆದರೆ ಹೊರಡುವಾಗ ಸ್ಕ್ರಿಪ್ಟ್ ಅಲ್ಲಿ ಸರಿಯಾಗಿ ಓಡುತ್ತಿರಲಿ, ಅದನ್ನು ನೋಡಿಕೊಳ್ಳುವವರು ಇಬ್ಬರಾದರೂ ಇರಲಿ. ರಜೆಯಲ್ಲಿ ನಿನಗೆ ಫೋನ್ ಬರಬಾರದು. ನನಗೆ ಬೇಕಾದದ್ದು ಅಷ್ಟು.

ಸ್ಕ್ರಿಪ್ಟಿನ ಜೊತೆ ಇಡುವ ವಿವರಣೆಯ ಫೈಲ್, ರೀಡ್‌ಮಿ, ಬರೆಯಲು ಶುರು ಮಾಡು. ಏನು ಮಾಡುತ್ತದೆ ಅನ್ನುವುದಕ್ಕಿಂತ ಮೊದಲು ಏನು ಮಾಡುವುದಿಲ್ಲ ಅಂತ ಬರೆ. ಅರ್ಧಕ್ಕೆ ನಿಂತರೆ ಏನು ಮಾಡಬೇಕು ಅಂತ ಬರೆ. ಆ ಒಂದು ವಾರ ಜಾಸ್ತಿ ಯಾಕೆ, ಯಾರು ಹೇಳಿದ್ದು ಅಂತ ಹೆಸರು ಸಮೇತ ಬರೆ. ಏನನ್ನೂ ಬದಲಿಸದೆ ಏನೇನು ಮಾಡಲಿದೆ ಅಂತ ಬರೀ ತೋರಿಸುವ ಡ್ರೈ ರನ್ ಇನ್ನೂ ಇಲ್ಲದಿದ್ದರೆ ಸೇರಿಸು, ಹೊಸಬರು ಭಯವಿಲ್ಲದೆ ಕಲಿಯುವುದು ಅದರಿಂದಲೇ. ಬರೆದ ಮೇಲೆ ಸರ್ವರ್ ಹೆಸರು, ಕಂಪನಿ ಹೆಸರು ಎಲ್ಲ ತೆಗೆದು ನನಗೊಂದು ಪ್ರತಿ ಕಳಿಸು. ನಿಮ್ಮ ಸಿಸ್ಟಮ್ ನನಗೆ ಗೊತ್ತಿಲ್ಲ, ಅದಕ್ಕೇ ನಾನು ಓದಿದರೆ ಒಳ್ಳೆಯದು. ಎಲ್ಲಿ ತಡವರಿಸಿದೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ರೀಡ್‌ಮಿ ಒಂದೆರಡು ದಿನ ತಡವಾದರೂ ಪರವಾಗಿಲ್ಲ. ಟೋಕನ್ ಮಾತ್ರ ಇವತ್ತೇ ಬದಲಿಸು.

ಅಮ್ಮ